ದೊಡ್ಡಮ್ಮನ ಉಪವಾಸ

ನಾವು ಉಪವಾಸವಿದ್ದರೆ ಮನೆಯ ಮೀನುಗಳೂ ಉಪವಾಸವಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಗಡಿಯಾರ ರಿಪೇರಿಯವರಿಗೆ ಮಾತ್ರ ಹಾಗೆ ತೋರಿತು. ಹೆಂಡತಿ ತೀರಿಕೊಂಡು ವರ್ಷ ತುಂಬಿತ್ತು. ಮೂರು ದಿನ ಬರೀ ನೀರು ಕುಡಿದು ಇರುವುದಾಗಿ ದೇವರಿಗೆ ಹರಕೆ ಹೊತ್ತಿದ್ದರು. ಗಾಜಿನ ತೊಟ್ಟಿಯಲ್ಲಿದ್ದ ಎರಡು ಹಾವುಮೀನುಗಳನ್ನು ತಂದವಳು ಅವಳೇ; ದಪ್ಪನೆಯದಕ್ಕೆ ದೊಡ್ಡಮ್ಮ, ತೆಳ್ಳನೆಯದಕ್ಕೆ ಸಣ್ಣಪ್ಪ ಎಂದು ಹೆಸರಿಟ್ಟವಳೂ ಅವಳೇ. "ಇವುಗಳ ಮರಿ ನೋಡ್ಬೇಕು ರೀ" ಎನ್ನುತ್ತಿದ್ದಳು. ನೋಡಲಿಲ್ಲ. ಅವಳ ಪರವಾಗಿ ತಾವಾದರೂ ನೋಡಬೇಕೆಂಬುದು ಅವರಿಗೆ ಉಳಿದಿದ್ದ ಒಂದೇ ಆಸೆ. ಈಗ ಮನೆಯವರೆಂದರೆ ಮೂವರು, ಮೂವರೂ ಉಪವಾಸ.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಸಣ್ಣಪ್ಪ ಇಲ್ಲ.

ತೊಟ್ಟಿಯ ಮುಚ್ಚಳ ಮುಚ್ಚಿದಂತೆಯೇ ಇತ್ತು. ಭಾರಕ್ಕೆಂದು ಅದರ ಮೇಲೆ ಹೇರಿದ್ದ ಇಸ್ತ್ರಿಪೆಟ್ಟಿಗೆಯೂ ಕದಲಿರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಸರಿಸಿ ಹೊರಗೆ ಹೋಗಿ, ಮತ್ತೆ ಅದನ್ನು ಒಪ್ಪವಾಗಿ ಇಡುವಷ್ಟು ಶಿಸ್ತು ಮೀನಿಗೆ ಎಲ್ಲಿಂದ ಬರಬೇಕು? ಇದು ಮನುಷ್ಯರ ಕೈವಾಡ. ಇಸ್ತ್ರಿಪೆಟ್ಟಿಗೆ ಯಾರದು? ಪಕ್ಕದ ಮನೆಯ ದರ್ಜಿಯದು!

ಗಡಿಯಾರದವರು ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ನೆಲದ ಮೇಲೆ ತೆವಳುತ್ತ ಹೊರಟರು. ಹೊಸ್ತಿಲಿನಿಂದ ದರ್ಜಿಯ ಬಾಗಿಲತ್ತ ಒಂದು ಒದ್ದೆ ಗೆರೆ. ಆಗಷ್ಟೇ ಬಿಂದಿಗೆ ತರುವಾಗ ಚೆಲ್ಲಿದವರು ತಾವೇ ಎಂಬುದು ನೆನಪಾಗಲಿಲ್ಲ. ಹೊಟ್ಟೆ ಖಾಲಿಯಿದ್ದರೆ ಅನುಮಾನಕ್ಕೆ ಜಾಗ ಹೆಚ್ಚು.

"ಏನಣ್ಣ, ಸ್ಕ್ರೂ ಬಿತ್ತಾ?" ಎಂದ ದರ್ಜಿ.

"ಬಿದ್ದಿಲ್ಲ, ಕದ್ದಿದ್ದಾರೆ. ನಿನ್ನೆ ನೀನು ಇಸ್ತ್ರಿಪೆಟ್ಟಿಗೆ ವಾಪಸ್ ಕೇಳಿದ್ದೆ, ಅಲ್ವಾ?"

"ಕೇಳಿದ್ದೆ. ವರ್ಷ ಆಯ್ತಲ್ಲಣ್ಣ, ನೀವು ತಗೊಂಡು."

"ವರ್ಷ ಸುಮ್ಮನಿದ್ದೋನಿಗೆ ನಿನ್ನೆಯೇ ಯಾಕೆ ನೆನಪಾಯ್ತು?"

ಉತ್ತರಕ್ಕೆ ಕಾಯದೆ ದರ್ಜಿಯ ಅಡುಗೆಮನೆಗೆ ನುಗ್ಗಿದರು. ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯ ತಟ್ಟೆ ಸರಿಸಿ ಬಗ್ಗಿದರು. ಹಬೆಗೆ ಭೂತಗನ್ನಡಿ ಜಾರಿ ತರಕಾರಿಯೊಳಗೆ ಬಿತ್ತು.

ದರ್ಜಿಯ ಹೆಂಡತಿ ಸೌಟು ಎತ್ತಿದಳು. "ಸಂಜೆ ನಿಮ್ಮ ಉಪವಾಸ ಬಿಡಿಸ್ಬೇಕು ಅಂತ ನಾನು ಒದ್ದಾಡ್ತಿದ್ರೆ, ನನ್ನ ಪಾತ್ರೇಲಿ ಕಳ್ಳಮಾಲು ಹುಡುಕ್ತೀರಾ?"

ಗದ್ದಲ ಕೇಳಿ ಮಹಡಿಯ ಮೇಷ್ಟ್ರು ಇಳಿದು ಬಂದರು. ವಿಷಯ ತಿಳಿದು, ಗಡಿಯಾರದವರ ಮನೆಯ ತೊಟ್ಟಿಯ ಮುಂದೆ ಕೂತು ಮೂಗಿನ ಮೇಲೆ ಬೆರಳಿಟ್ಟರು. ದೊಡ್ಡಮ್ಮನ ಹೊಟ್ಟೆ ಪುಟ್ಟ ಸಂಚಿಗೆ ದೊಡ್ಡ ಗಂಟು ತುರುಕಿದಂತಿತ್ತು.

"ಅಯ್ಯೋ, ಇವಳು ಬಸುರಿ! ಗಂಡ ಎಲ್ಲಿಗೆ ಹೋದಾನು? ಇಂಥ ಹೊತ್ತಿಗೆ ಸರಿಯಾಗಿ ತಪ್ಪಿಸಿಕೊಳ್ಳೋ ಗಂಡಸರು ಬೇಕಾದಷ್ಟಿದ್ದಾರೆ."

ಗಡಿಯಾರದವರ ಕಣ್ಣು ತುಂಬಿತು. ಹೆಂಡತಿಯ ಪಟದ ಮುಂದೆ ನಿಂತು, "ಕೇಳಿಸ್ತೇನೇ?" ಎಂದರು. ಮರುಗಳಿಗೆಯೇ ತಿರುಗಿದರು. "ಅದು ಸರಿ ಮೇಷ್ಟ್ರೇ, ಇವಳು ಬಸುರಿ ಅಂತ ನಮಗಿಂತ ಮೊದಲು ನಿಮಗೆ ಹೇಗೆ ಗೊತ್ತಾಯ್ತು?"

ಆ ದಿನ ಅಂಗಡಿ ತೆರೆಯಲಿಲ್ಲ. ಬಾಗಿಲಲ್ಲಿ ಕೂತು, ಹೋಗಿಬರುವವರ ಕೈಚೀಲಗಳನ್ನು ದಿಟ್ಟಿಸಿದರು. ಯಾರಾದರೂ ನಕ್ಕರೆ ಯಾಕೆ ನಕ್ಕರೆಂದು, ನಗದಿದ್ದರೆ ಯಾಕೆ ನಗಲಿಲ್ಲವೆಂದು ಯೋಚಿಸಿದರು.

ಸಂಜೆ ದರ್ಜಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಒಳಗೊಂದು ಎಳೆಯ ಹಾವುಮೀನು. "ತಗೊಳ್ಳಿ ಅಣ್ಣ. ಸಣ್ಣಪ್ಪ ಅಲ್ಲ, ಆದ್ರೂ ಅವನ ಜಾತಿಯೋನೇ. ನನ್ನ ಮೇಲಿನ ಅನುಮಾನ ಬಿಟ್ಬಿಡಿ." ಹಿಂದೆ ಅವನ ಹೆಂಡತಿ, ಕೈಯಲ್ಲಿ ಮುಚ್ಚಿದ ಊಟದ ತಟ್ಟೆ. ಮೇಷ್ಟ್ರೂ ಬಂದರು.

"ತಪ್ಪಾಯ್ತು ತಾಯಿ" ಎಂದು ಗಡಿಯಾರದವರು ಕೈಮುಗಿದರು. ಇಸ್ತ್ರಿಪೆಟ್ಟಿಗೆ ಇಳಿಸಿ, ಹೊಸಬನನ್ನು ತೊಟ್ಟಿಗೆ ಬಿಟ್ಟು, ಮುಚ್ಚಳ ಹಾಕಿದರು. ಎಲ್ಲರೂ ಗಾಜಿಗೆ ಮೂಗೊತ್ತಿ ನಿಂತರು. ದೊಡ್ಡಮ್ಮ ಮೆಲ್ಲಗೆ ಹತ್ತಿರ ಬಂದಳು.

"ನೋಡಿ, ಮಾತಾಡಿಸ್ತಿದ್ದಾಳೆ" ಎಂದರು ಮೇಷ್ಟ್ರು.

ದೊಡ್ಡಮ್ಮ ಬಾಯಿ ತೆರೆದಳು. ಹೊಸಬನ ಅರ್ಧ ಒಳಗೆ ಹೋಯಿತು. ಉಳಿದ ಬಾಲ ಗಡಿಯಾರದ ಲೋಲಕದಂತೆ ಅತ್ತಿತ್ತ ಆಡಿ, ಅದೂ ಒಳಗೆ ಹೋಯಿತು.

ಮೇಷ್ಟ್ರು ಸದ್ದಿಲ್ಲದೆ ಮೆಟ್ಟಿಲು ಹತ್ತಿದರು.

"ಮೂರು ದಿನ ಹಸಿದೋಳು ಇನ್ನೇನು ಮಾಡ್ತಾಳಣ್ಣ?" ದರ್ಜಿ ತನ್ನ ಇಸ್ತ್ರಿಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿದ. ಅವನ ಹೆಂಡತಿ ಊಟದ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. "ನಮ್ಮ ಪಾತ್ರೇಲಿ ಏನಿರುತ್ತೋ ಏನೋ, ನಿಮಗ್ಯಾಕೆ ಆ ಅನುಮಾನ?" ಎಂದು ಹೊರಟೇ ಹೋದಳು.

ಗಡಿಯಾರದವರು ಹೆಂಡತಿಯ ಪಟವನ್ನು ನೋಡಿದರು. ಒಲೆ ಹಚ್ಚೋಣವೆಂದು ಒಂದು ಹೆಜ್ಜೆ ಇಟ್ಟರು. ಹಿಂದೆ ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಓಡಿಬಂದು ಎರಡೂ ಕೈಯಿಂದ ಒತ್ತಿ ಹಿಡಿದರು. ಹಾಗೆಯೇ ನಿಂತರು. ಒಳಗೆ ದೊಡ್ಡಮ್ಮ ತುಂಬಿದ ಹೊಟ್ಟೆಯಲ್ಲಿ ಮಗ್ಗುಲು ಬದಲಿಸಿದಳು. ಹೊರಗೆ ಹರಕೆಗೆ ನಾಲ್ಕನೆಯ ದಿನ ಸೇರಿತು.