ಹಳೆಯದು ಸಾಯುತ್ತಿದೆ

ಸಂಪತ್ ಕುಮಾರ ಬರೆದುಕೊಂಡು ಹೋದ ತಂತಿಯಲ್ಲಿ ಹದಿನೆಂಟು ಪದಗಳಿದ್ದವು. ಅಂಚೆ ಕಚೇರಿಯ ಕಿಂಡಿಯ ಹಿಂದೆ ಕೂತಿದ್ದ ಸಿದ್ದರಾಜು ಅದನ್ನು ನಾಲ್ಕಕ್ಕೆ ಇಳಿಸಿದ. ಆ ದಿನದ ಅನಾಹುತಗಳೆಲ್ಲ ಹುಟ್ಟಿದ್ದು ಅಲ್ಲಿ.

ಇದು ಎಪ್ಪತ್ತನಾಲ್ಕರ ಮಾತು. ಸಂಪತ್ ಕುಮಾರ ಮಂಡ್ಯದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೂವತ್ತನಾಲ್ಕು ವಯಸ್ಸು, ಮದುವೆಯಿಲ್ಲ. ಮನೆಯಲ್ಲಿ ಅವನು, ಎಪ್ಪತ್ತು ದಾಟಿದ ಸೋದರತ್ತೆ ಗೋದಮ್ಮ, ಕಿಟಕಿಯ ಕಟ್ಟೆಯ ಮೇಲೆ ಹನ್ನೊಂದು ಗಾಜಿನ ಬಟ್ಟಲು. ಬಟ್ಟಲುಗಳಲ್ಲಿ ವಿ.ಸಿ. ಫಾರಂ ಎಂಬ ಕೃಷಿ ಕೇಂದ್ರದ ಗದ್ದೆಯಿಂದ ತಂದ ನೀರು; ನೀರಿನಲ್ಲಿ ಹಿಟ್ಟಿನ ಕಣದಂತೆ ಓಡಾಡುವ ಏಕಕೋಶ ಜೀವಿಗಳು.

ಮೈತುಂಬ ರೋಮವಿರುವ ಈ ಜೀವಿಗೆ ಎರಡು ಬಗೆಯ ನ್ಯೂಕ್ಲಿಯಸ್. ದೊಡ್ಡದು ದಿನದ ಕೆಲಸವೆಲ್ಲ ಮಾಡುತ್ತದೆ. ಚಿಕ್ಕದು ವಂಶದ ಡಿಎನ್‌ಎ ಅಷ್ಟನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಹೊಟ್ಟೆಗಿಲ್ಲದಾಗ ಎರಡು ಜೀವಿಗಳು ಕೂಡಿ, ಚಿಕ್ಕದರ ಪಾಲನ್ನು ಅದಲುಬದಲು ಮಾಡಿಕೊಂಡು ಬೇರೆಯಾಗುತ್ತವೆ. ಆಮೇಲೆ ಹಳೆಯ ದೊಡ್ಡ ನ್ಯೂಕ್ಲಿಯಸ್ ಕರಗಿ ಸಾಯುತ್ತದೆ, ಚಿಕ್ಕದರಿಂದ ಹೊಸ ದೊಡ್ಡದು ಹುಟ್ಟುತ್ತದೆ. ಹುಟ್ಟುವಾಗ ಅದರೊಳಗಿನ ಎಳೆಗಳು ಪಟ್ಟೆಪಟ್ಟೆಯಾಗಿ ಊದಿಕೊಂಡು, ಸ್ವಲ್ಪ ಹೊತ್ತಿಗೆಲ್ಲ ಚೂರುಚೂರಾಗುತ್ತವೆ. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಜೀವಿ ಎಸೆದುಬಿಡುತ್ತದೆ. ಉಳಿದ ತುಣುಕುಗಳಲ್ಲೇ ಬಾಳುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂದು ಅದಕ್ಕೆ ಹೇಳುವವರು ಯಾರು? ಈ ಪ್ರಶ್ನೆ ಸಂಪತ್ ಕುಮಾರನ ನಿದ್ದೆ ಕೆಡಿಸಿ ಎರಡು ವರ್ಷವಾಗಿತ್ತು.

ಮೈಸೂರಿನ ಪ್ರೊಫೆಸರ್ ತಿರುನಾರಾಯಣ ಹೇಳಿದ್ದರು: "ಆ ಪಟ್ಟೆಯ ಎಳೆಗಳನ್ನ ನನ್ನ ಕಣ್ಣಿಗೆ ತೋರಿಸಿ. ಸಂಶೋಧನೆಗೆ ಸೇರಿಸ್ಕೋತೀನಿ." ತಂತಿ ಕಳಿಸಿದ ದಿನದ ಮರುದಿನ ಅವರು ದೆಹಲಿಗೆ ಹೊರಡುವವರು, ಅಲ್ಲಿ ಆ ವರ್ಷದ ಸಂಶೋಧಕರ ಪಟ್ಟಿ ಮುಗಿಯುತ್ತಿತ್ತು. ಆ ಬೆಳಿಗ್ಗೆ ಸಂಪತ್ ಕುಮಾರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಹೊಸ ನ್ಯೂಕ್ಲಿಯಸ್ ಊದಿಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಪಟ್ಟೆ ಮೂಡುವುದು ಖಚಿತ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅಂಚೆ ಕಚೇರಿಗೆ ಓಡಿದ.

"ಏನ್ ಸಾ ಇದು, ನ್ಯೂಕ್ಲಿಯಸ್ಸು?" ಸಿದ್ದರಾಜು ಫಾರಮ್ಮನ್ನು ಕಣ್ಣ ಹತ್ತಿರ ಹಿಡಿದ. "ಇಲ್ಲಿಂದ ನಾನು ಇದನ್ನ ಕುಟ್ಟುದ್ರೆ ಅಲ್ಲಿ ಕುಂತಿರೋನು ಇನ್ನೇನೋ ಬರ್ಕೋತಾನೆ. ತಗದ್ಬುಡಿ. ಜೀವಿಗಳು, ಅದೂ ಬ್ಯಾಡ. ಹೊಸದು ಬೆಳೀತಾ ಅದೆ, ಬೆಳೀಲಿ ಬುಡಿ, ಪದಕ್ಕಿಷ್ಟು ದುಡ್ಡು ಕೊಟ್ಟು ಅದ್ನ್ಯಾಕೆ ತಂತೀಲಿ ಯೋಳ್ಬೇಕು?"

ಗೀಟು ಹಾಕುತ್ತ ಹೋದ. ಕೊನೆಗೆ ಉಳಿದದ್ದು: "ಹಳೆಯದು ಸಾಯುತ್ತಿದೆ. ಕೂಡಲೇ ಹೊರಡಿ."

ಸಂಪತ್ ಕುಮಾರ ಗಡಿಯಾರ ನೋಡಿದ. ಕ್ಲಾಸಿಗೆ ಹತ್ತು ನಿಮಿಷವಿತ್ತು. ಪ್ರೊಫೆಸರಿಗೆ ಹೇಗೂ ಅರ್ಥವಾಗುತ್ತದೆಂದು ಸಹಿ ಹಾಕಿದ.

ಆಗ ಸಿದ್ದರಾಜು ತಾನು ಉಳಿಸಿದ್ದನ್ನು ಮೊದಲ ಸಲ ಗಟ್ಟಿಯಾಗಿ ಓದಿದ. ಮುಖ ಸಣ್ಣದಾಯಿತು. "ಎದೆಗುಂದ್‌ಬ್ಯಾಡಿ ಸಾ."

"ಇಲ್ಲಪ್ಪ, ಎರಡು ವರ್ಷದಿಂದ ಇದಕ್ಕೇ ಕಾಯ್ತಿದ್ದೆ. ನಂಗೆ ಎಷ್ಟು ಖುಷಿಯಾಗಿದೆ ಗೊತ್ತಾ!" ಎಂದು ಸಂಪತ್ ಕುಮಾರ ಸೈಕಲ್ ಹತ್ತಿದ.

ಕಾರ್ಡು ಕೊಳ್ಳಲು ಬಂದಿದ್ದ ಪಕ್ಕದ ಮನೆಯ ದೊಡ್ಡಸಿದ್ದಯ್ಯ ಇಷ್ಟನ್ನೂ ಕೇಳಿಸಿಕೊಂಡು ಅಲ್ಲೇ ನಿಂತುಬಿಟ್ಟ. "ಗೋದವ್ವಾರು ಸಾಯ್ತಾವ್ರಂತೆ, ಈ ಮೇಷ್ಟ್ರಿಗೆ ಕುಸಿಯಂತೆ ಕಣ್ಲಾ!" ಎಂದ ಸಿದ್ದರಾಜುವಿಗೆ.

ಮನೆಗೆ ಓಡಿಬಂದ ಅವನಿಂದ ಸುದ್ದಿ ಕೇಳಿ ಹೆಂಡತಿ ಚಿಕ್ಕಬೋರಮ್ಮ ಒಲೆಯ ಮೇಲಿನ ಮುದ್ದೆಯನ್ನು ಹಾಗೇ ಇಳಿಸಿ ಪಕ್ಕದ ಮನೆಗೆ ನುಗ್ಗಿದಳು. ಅಂದು ಏಕಾದಶಿ. ನೀರೂ ಮುಟ್ಟದ ಗೋದಮ್ಮ ನಡುಮನೆಯಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅಲುಗಾಡದೆ ಮಲಗಿದ್ದರು. ಚಿಕ್ಕಬೋರಮ್ಮ ಬಾಗಿಲಿನಿಂದಲೇ ನೋಡಿ ಎದೆ ಬಡಿದುಕೊಂಡಳು. ಹತ್ತು ನಿಮಿಷದಲ್ಲಿ ಬೀದಿಯ ಅರ್ಧ ಜನ ಜಗುಲಿಯ ಮೇಲಿದ್ದರು.

"ಏಕಾದಸಿ ದಿನ ಒಂಟವ್ರೆ, ಪುಣ್ಯವಂತ್ರು" ಎಂದು ದೊಡ್ಡಸಿದ್ದಯ್ಯ ಬಿದಿರು ತರಲು ಹೋದ.

ಸಾವಿನ ಮನೆಯಲ್ಲಿ ನೀರು ನಿಲ್ಲಬಾರದಲ್ಲ. ಚಿಕ್ಕಬೋರಮ್ಮ ಸೀರೆ ಎತ್ತಿ ಕಟ್ಟಿ ಹಂಡೆ, ಕೊಡ, ತಂಬಿಗೆ ಎಲ್ಲ ಬರಿದು ಮಾಡಿದಳು. ಕಿಟಕಿಯ ಕಟ್ಟೆಯನ್ನೂ ಬಿಡಲಿಲ್ಲ; ಬಟ್ಟಲುಗಳನ್ನು ಕೈಗೆ ಹಿಡಿದಷ್ಟು ಒಯ್ದು ಹಿತ್ತಿಲ ಮೋರಿಗೆ ಬಗ್ಗಿಸಿ ಬೂದಿಯಲ್ಲಿ ಉಜ್ಜಲು ಕೂತಳು.

ಇತ್ತ ಯಾರೋ ಗೋದಮ್ಮನ ಬಾಯಿಗೆ ತುಳಸಿ ನೀರು ಬಿಟ್ಟರು. ಗೋದಮ್ಮ ಥಟ್ಟನೆ ಎದ್ದು ಕೂತು ನೀರನ್ನು ಥೂ ಎಂದು ಉಗಿದರು. "ಬುದ್ಧಿ ಇದೆಯೇನ್ರೇ ನಿಮಗೆ? ನಲವತ್ತು ವರ್ಷದ ಉಪವಾಸ ಕೆಡಿಸಿದಿರಲ್ಲ!"

ಬಂದವರಲ್ಲಿ ಇಬ್ಬರು ಓಡಿಹೋದರು. ಉಳಿದವರು ತಂತಿಯ ವಿಷಯವನ್ನು ಒಂದಕ್ಷರ ಬಿಡದೆ ಹೇಳಿದರು, ಖುಷಿಯ ಮಾತನ್ನೂ ಸೇರಿಸಿ.

ಕಾಲೇಜಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಗೋದಮ್ಮ ಬದುಕಿದ ಭಾಗ ಕಳಚಿಹೋಗಿತ್ತು. ಜವಾನ ಕರಿಯಪ್ಪ ಕ್ಲಾಸಿನೊಳಗೆ ಬಂದು ಕಿವಿಯಲ್ಲಿ ಹೇಳಿದ, "ಸಾ, ನಿಮ್ಮ ಅತ್ತೆಯೋರು ಓಗ್ಬುಟ್ರಂತೆ."

ತಾಯಿ ಸತ್ತ ಮೇಲೆ ಅವನನ್ನು ಸಾಕಿದ್ದು ಆ ಅತ್ತೆಯೇ. ಸಂಪತ್ ಕುಮಾರ ಸೈಕಲ್ಲನ್ನೂ ಮರೆತು ಓಡಿದ. ಮೆಟ್ಟಿಲ ಬಳಿ ಬಿದಿರು ಕಂಡದ್ದೇ ಗೊಳೋ ಎಂದು ಅಳುತ್ತ ಒಳಗೆ ಬಿದ್ದ. ನಡುಮನೆಯಲ್ಲಿ ಗೋದಮ್ಮ ಕಾಲು ಚಾಚಿ ಕೂತು ದ್ವಾದಶಿಯ ಅಡಿಗೆಗೆ ಅಗಸೆ ಸೊಪ್ಪು ಬಿಡಿಸುತ್ತಿದ್ದರು.

"ಖುಷಿ ಮುಗೀತಾ? ಈಗ ಅಳು ಬಂತಾ?" ಎಂದರು, ತಲೆ ಎತ್ತದೆ.

"ಅತ್ತೆ, ನಾನು ಬರೆದದ್ದು ನಿಮ್ಮ ವಿಷಯ ಅಲ್ಲ. ನ್ಯೂಕ್ಲಿಯಸ್ಸು..."

"ಈ ಮನೇಲಿ ಹಳೇದು ಅಂತ ಇರೋದು ನಾನೊಬ್ಬಳೇ."

ಅವನ ದೃಷ್ಟಿ ಕಿಟಕಿಯ ಕಡೆ ಹೋಯಿತು. ಕಟ್ಟೆ ಬೋಳಾಗಿತ್ತು.

"ನಾನೇ ತೊಳ್ದೆ ಕಣಪ್ಪ," ಎಂದಳು ಚಿಕ್ಕಬೋರಮ್ಮ ಹೆಮ್ಮೆಯಿಂದ. "ಉಳ ಬಿದ್ದಿದ್ವು. ಈಗ ನೋಡು, ಎಂಗೆ ಒಳೀತಾವೆ!"

ಸಂಪತ್ ಕುಮಾರ ಮೋರಿಯ ಬಳಿ ಕುಕ್ಕರಗಾಲಲ್ಲಿ ಕೂತು ಕೆಸರನ್ನು ನೋಡಿದ. ಬಿಸಿಲಿಗೆ ಅದು ಆಗಲೇ ಬಿರಿಯುತ್ತಿತ್ತು. ಅವಳನ್ನು ಹೇಗೆ ಬೈಯುವುದು? ಒಲೆಯ ಕೆಲಸ ಬಿಟ್ಟು ಬಂದು ಅವನ ಮನೆಯ ಪಾತ್ರೆ ತೊಳೆದಿದ್ದಳು.

ಮೂರು ಗಂಟೆಗೆ ಪ್ರೊಫೆಸರ್ ತಿರುನಾರಾಯಣ, ತಂತಿಯನ್ನು ಸಾವಿನ ಸುದ್ದಿಯೆಂದೇ ಓದಿ, ಗಂಧದ ಹಾರ ಹಿಡಿದು ಬಂದಿಳಿದರು. ಗೋದಮ್ಮ ಅಡಿಗೆಮನೆಯ ಬಾಗಿಲು ಹಾಕಿಕೊಂಡರು. ಪ್ರೊಫೆಸರ್ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳಿದರು.

"ಒಂದು ಜೀವಿಯೂ ಉಳಿದಿಲ್ಲವೇ?"

"ಇಲ್ಲ ಸಾರ್."

"ನಾನು ನಿಮ್ಮನ್ನ ನಂಬ್ತೀನಿ, ಸಂಪತ್. ಆದರೆ ಕಣ್ಣಲ್ಲಿ ಕಾಣದೆ ಹೆಸರು ಬರೆಯೋಕಾಗಲ್ಲ. ಮತ್ತೆ ಕೂಡಿಸಿ. ಮುಂದಿನ ವರ್ಷ ನೋಡೋಣ." ಹಾರವನ್ನು ಮೆಲ್ಲನೆ ಕುರ್ಚಿಯ ಮೇಲೆ ಬಿಟ್ಟು, ನಾಲ್ಕೂವರೆಯ ರೈಲಿಗೆ ಹೊರಟುಹೋದರು.

ಐದಕ್ಕೆ ಸಿದ್ದರಾಜು ಬಂದ. ಸುಳ್ಳು ಸುದ್ದಿ ಹಬ್ಬಿಸಿದನೆಂದು ಬೀದಿಯ ಜನ ಅವನನ್ನು ಬೆಳಗಿನಿಂದ ಉಗಿದು ಉಪ್ಪು ಹಾಕಿದ್ದರು. ಗೀಟು ಹಾಕಿದ ಮೊದಲ ಫಾರಮ್ಮನ್ನು ಗೋದಮ್ಮನ ಮುಂದೆ ಹಿಡಿದು, "ಮೇಷ್ಟ್ರುದು ತಪ್ಪಿಲ್ಲ ಕಣಮ್ಮ, ವಡೆದಾಕ್ದೋನು ನಾನು," ಎಂದು ಹದಿನೆಂಟು ಪದಗಳನ್ನೂ ಒಂದೊಂದಾಗಿ ಬಿಡಿಸಿ ಹೇಳಿದ.

ಗೋದಮ್ಮ ಸೊಪ್ಪಿನ ಮೊರ ಕೆಳಗಿಟ್ಟರು.

"ಹಾಗಾದರೆ ಸಾಯ್ತಾ ಇರೋದು ಬಟ್ಟಲಲ್ಲಿರೋದಾ?"

"ಹೌದು ಅತ್ತೆ. ಇತ್ತು, ಈಗಿಲ್ಲ."

ಗೋದಮ್ಮ ಎದ್ದು ದೇವರಮನೆಗೆ ಹೋಗಿ, ಸಾಲಿಗ್ರಾಮದ ಪೆಟ್ಟಿಗೆಯ ಹಿಂದಿನಿಂದ ಒಂದು ಗಾಜಿನ ಬಟ್ಟಲು ತಂದರು. "ಎದ್ದು ನೋಡಿದಾಗ ಕಟ್ಟೆ ಮೇಲೆ ಇದೊಂದೇ ಉಳಿದಿತ್ತು. ನೀನು ಮಗು ಥರ ನೋಡ್ಕೋತಿದ್ದೆಯಲ್ಲ ಅಂತ ತೆಗೆದಿಟ್ಟೆ. ಆಮೇಲೆ ತಂತಿ ವಿಷಯ ಕೇಳಿ... ನನ್ನ ಸಾವಿಗೆ ಖುಷಿಪಡೋನಿಗೆ ಯಾಕೆ ಕೊಡಲಿ ಅನ್ನಿಸ್ತು." ಕುರ್ಚಿಯ ಮೇಲಿದ್ದ ಹಾರವನ್ನು ನೋಡಿದರು. "ಆ ದೊಡ್ಡ ಮನುಷ್ಯರು ಬಂದಿದ್ದು ಇದಕ್ಕೇನಾ?"

ಸಂಪತ್ ಕುಮಾರ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ರೈಲು ಅಷ್ಟರಲ್ಲಿ ಶ್ರೀರಂಗಪಟ್ಟಣ ದಾಟಿರಬೇಕು. ಒಂದು ತೊಟ್ಟು ನೀರು ತೆಗೆದು, ಕೆಂಪು ಬಣ್ಣ ಬಿಟ್ಟು, ಪಶ್ಚಿಮದ ಕಿಟಕಿಯ ಬಳಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಎಳೆಗಳು ಮೂಡಿದ್ದವು. ದಪ್ಪ, ಸುರುಳಿ, ಒಂದೊಂದರ ಉದ್ದಕ್ಕೂ ಅಡ್ಡಪಟ್ಟೆ. ನಾಳೆ ಇವುಗಳಲ್ಲಿ ಯಾವುದೂ ಹೀಗಿರುವುದಿಲ್ಲ. ಕನಿಷ್ಠ ಚಿತ್ರವನ್ನಾದರೂ ಬರೆದು ದೆಹಲಿಗೆ ಕಳಿಸೋಣವೆಂದು ಪೆನ್ಸಿಲ್ಲಿಗೆ ಕೈ ಹಾಕಿದ.

"ನಂಗೂ ತೋರಿಸೋ," ಎಂದರು ಗೋದಮ್ಮ.

ಅವರು ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಹಳೇದು ಎಲ್ಲಿದೆ?"

"ಪಕ್ಕದಲ್ಲಿ, ಚೂರು ಚೂರಾಗಿದೆ ನೋಡಿ. ಕರಗ್ತಾ ಇದೆ. ಹೊಸದು ಪೂರ್ತಿ ಆಗೋವರೆಗೂ ಜೀವಿ ಏನೂ ತಿನ್ನಲ್ಲ. ಅಲ್ಲೀತನಕ ಅದರ ಜೀವ ಹಿಡಿದಿಟ್ಟಿರೋದು ಆ ಹಳೇದೇ."

"ಓ," ಎಂದರು ಗೋದಮ್ಮ. ಸೊಂಟದ ಮೇಲೆ ಕೈಯಿಟ್ಟು ಇನ್ನಷ್ಟು ಬಗ್ಗಿದರು.

ಕಿಟಕಿಯ ಬೆಳಕು ಕೆಂಪಾಗಿ, ಮಂಕಾಗಿ, ಆರಿಹೋಗುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ಸಂಪತ್ ಕುಮಾರ ಅವರನ್ನು ಏಳಿಸಲಿಲ್ಲ. ಚಿತ್ರಕ್ಕೆಂದು ಅವನು ಹಿಡಿದಿದ್ದ ಹಾಳೆಯಲ್ಲಿ ತಾರೀಖು ಮಾತ್ರ ಇತ್ತು.