ಎರಡು ಕಾಲಿನ ಮೇಲೆ ನಿಲ್ಲದ ಡೈನೋಸಾರ್

ವಿಜ್ಞಾನದ ಮೇಷ್ಟ್ರಾದವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಂಭೀರವಾಗಿ ಏನಾದರೂ ಕಲಿಸಲು ಹೊರಟರೆ ಸಾಕು, ಅದೇ ಬಾಗಿಲಿಗೆ ಬರುತ್ತೆ. ತೊಂಬತ್ತರ ದಶಕದ ಕೊನೆಗೆ, ನೊಣವಿನಕೆರೆ ಹತ್ತಿರದ ಹಳ್ಳಿ ಹೈಸ್ಕೂಲಿನಲ್ಲಿ, ನನಗೆ ಅದು ಡೈನೋಸಾರಿನ ರೂಪದಲ್ಲಿ ಬಂತು.

ಪಂಥ

ಶಾಲೆಯ ಒಂದು ಖಾಲಿ ರೂಮನ್ನು ನಾನು ಪ್ರಯೋಗಾಲಯ ಮಾಡಿಕೊಂಡಿದ್ದೆ. ಎರಡು ಬೆಂಚು, ಒಡೆದ ಮಸೂರ, ಬಾಟಲಿಯೊಳಗೊಂದು ಹಾವು. ಶಾಲಾ ಸಮಿತಿ ಅಧ್ಯಕ್ಷರಿಗೆ ಆ ರೂಮಿನ ಮೇಲೇ ಕಣ್ಣು. ಅವರದು ತೆಂಗಿನ ತೋಟ. ಕಾಯಿ ಕೊಬ್ಬರಿಯಾಗಲು ಅಟ್ಟದಲ್ಲಿ ಹೆಚ್ಚುಕಮ್ಮಿ ವರ್ಷ ಒಣಗಬೇಕು. ಆ ಸಲ ಅವರ ಅಟ್ಟ ತುಂಬಿ, ಕಾಯಿ ನಡುಮನೆಗೂ ಇಳಿದಿತ್ತು.

"ಹಾವಿಗೊಂದು ರೂಮು ಯಾಕ್ರೀ ಮೇಷ್ಟ್ರೇ? ನನ್ ಕಾಯಿ ಹಾಕ್ಕೋತೀನಿ ಬುಡಿ," ಅಂದರು.

ನನಗೆ ಸಿಟ್ಟು ಮೂಗಿನ ತುದೀಲೇ. "ತಿಪಟೂರಿನ ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ತರ್ತೀನಿ. ತರದಿದ್ರೆ ನಿಮ್ಮ ಕಾಯಿ ಸುರ್ಕೊಳ್ಳಿ," ಅಂದುಬಿಟ್ಟೆ. ಮನೆಗೆ ಹೋದ ಮೇಲೆ ಸಂಕಟ ಶುರುವಾಯಿತು. ಆ ರೂಮು ಹೋದರೆ ನಮ್ಮ ಮಕ್ಕಳಿಗೆ ವಿಜ್ಞಾನ ಅಂದರೆ ಬರೀ ಬಾಯಿಪಾಠ. ಅಧ್ಯಕ್ಷರು ಮಾತ್ರ ಮಾರನೇ ದಿನವೇ ಬಂದು ರೂಮಿನ ಸೂರು ಸೋರುತ್ತಾ ಅಂತ ನೋಡಿಕೊಂಡು ಹೋದರು.

ಬಾಲ

ಮಕ್ಕಳು, ಡ್ರಾಯಿಂಗ್ ಮೇಷ್ಟ್ರು, ನಾನು ಸೇರಿ ಎರಡು ಕಾಲಿನ ಮೇಲೆ ನಿಲ್ಲುವ, ಬೇಟೆಯಾಡುವ ದೊಡ್ಡ ಡೈನೋಸಾರ್ ಮಾಡೋಣ ಅಂತಾಯಿತು. ಮೂಳೆಗೆ ತೆಂಗಿನ ಗರಿಯ ಹೆಡೆಮಟ್ಟೆ, ಮಾಂಸಕ್ಕೆ ನಾರು, ಚರ್ಮಕ್ಕೆ ಗೋಣಿ. ನಿಲ್ಲಿಸಿದೆವು, ಮುಗ್ಗರಿಸಿತು. ಮತ್ತೆ ನಿಲ್ಲಿಸಿದೆವು, ಮತ್ತೆ ಮುಗ್ಗರಿಸಿತು. ನೋಡಿದರೆ ಬಾಲವೇ ಮೊಂಡು! ಡ್ರಾಯಿಂಗ್ ಮೇಷ್ಟ್ರು ಕತ್ತರಿಸಿದ್ದರು.

"ಬಾಗಿಲು ಹಾಕೋಕೆ ಅಡ್ಡ ಬರ್ತಿತ್ತು ಕಣ್ರೀ," ಅಂದರು.

"ಅಲ್ರೀ, ಹೆಗಲ ಮೇಲಿನ ಅಡ್ಡೆಗೆ ಒಂದೇ ಕಡೆ ಬಿಂದಿಗೆ ಕಟ್ಟಿದರೆ ಏನಾಗುತ್ತೆ? ಇದಕ್ಕೆ ಸೊಂಟವೇ ಹೆಗಲು. ಮುಂದೆ ತಲೆ, ಎದೆ. ಹಿಂದೆ ಸರಿತೂಕಕ್ಕೆ ಬಾಲ. ಆ ಬಾಲದ ಬುಡದ ಮಾಂಸಖಂಡ ತೊಡೆಯನ್ನು ಹಿಂದಕ್ಕೆ ಎಳೆದರೇನೇ ಪ್ರಾಣಿ ಮುಂದಕ್ಕೆ ಹೋಗೋದು," ಅಂದೆ.

ಡ್ರಾಯಿಂಗ್ ಮೇಷ್ಟ್ರು ಗಲ್ಲ ಕೆರೆದುಕೊಂಡು ಯೋಚಿಸಿದರು. ಮಾರನೇ ದಿನ ಬಾಲ ಉದ್ದವಾಗಿತ್ತು, ರೂಮಿಗೆ ಬಾಗಿಲಿರಲಿಲ್ಲ.

ತಲೆ

ಡೈನೋಸಾರ್ ಬೀಳೋದನ್ನು ನೋಡಲೆಂದೇ ಅಧ್ಯಕ್ಷರು ದಿನಾ ಬರೋರು. ಬರ್ತಾ ಬರ್ತಾ ಅವರಿಗೇ ತಡೆಯಲಿಲ್ಲ. "ತಲೆಗೆ ನಮ್ ತೋಟದ ಕಾಯೇ ಇರ್ಲಿ," ಅಂತ ಒಂದು ದಪ್ಪ ಕಾಯಿ ತಂದರು. ಬೇಡ ಅನ್ನೋಕಾಗುತ್ತಾ? ಕಟ್ಟಿದೆವು. ಪ್ರಾಣಿ ನೆಲಕ್ಕೆ ಮೂತಿ ಊರಿತು.

"ಭಾರ ಜಾಸ್ತಿ ಆಯ್ತು. ನಿಜವಾದದ್ದರ ಬುರುಡೇಲಿ ದೊಡ್ಡ ದೊಡ್ಡ ತೂತಿದ್ವು, ಕೆಲವು ಮೂಳೆಯೊಳಗೆ ಗಾಳಿ ಇತ್ತು. ಗಟ್ಟಿ, ಆದ್ರೆ ಹಗುರ. ಅದಕ್ಕೇ ಅಷ್ಟು ದೊಡ್ಡ ದವಡೆ ಹೊತ್ಕೊಂಡು ಓಡಾಡ್ತಿತ್ತು," ಅಂದೆ.

ಅವರು ಕಾಯಿ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಮ್ಮ ಸೀಮೆಯಲ್ಲಿ ಯಾರ ಕೈಗೆ ಕಾಯಿ ಕೊಟ್ಟರೂ ಮೊದಲ ಕೆಲಸ ಅದೇ. ನೀರು ಕುಲುಕಿದರೆ ಹಸಿ, ಗಡಗಡ ಅಂದರೆ ಒಳಗೆ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆ ಅಂತ. ಸಂಜೆ ಅಟ್ಟದಿಂದ ಒಣಗಿದ ಕಾಯಿ ಬಂತು. ಡೈನೋಸಾರ್ ನಿಂತಿತು! ಅಧ್ಯಕ್ಷರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಅದರ ಕುತ್ತಿಗೆ ಹಿಡಿದು, ತಲೆಗೆ ಕಿವಿ ಕೊಟ್ಟು, ಮೆಲ್ಲಗೆ ಅಲ್ಲಾಡಿಸಿ, "ಹೂಂ, ಬೇಟೆಗೆ ಬುಡಬೌದು," ಅಂದರು.

ಕೈ

ಆಮೇಲೆ ಅಧ್ಯಕ್ಷರು ಸಂಜೆ ಹೊತ್ತು ಬೆಂಚಿನ ಮೇಲೆ ಕೂತು ಒಂದೊಂದೇ ಕೇಳೋರು. ಕಾಲು ಹಲ್ಲಿಯ ಥರ ಪಕ್ಕಕ್ಕಿಲ್ಲದೆ ಮೈ ಕೆಳಗೇ ಯಾಕೆ? ಭಾರ ನೆಟ್ಟಗೆ ಹೊರೋಕೆ. ಕಣ್ಣು ಯಾಕೆ ಮುಂದಕ್ಕೆ? ಬೇಟೆ ಎಷ್ಟು ದೂರದಲ್ಲಿದೆ ಅಂತ ಅಳೆಯೋಕೆ.

"ಕೈ ಯಾಕೆ ಇಷ್ಟೇ ಇಷ್ಟು?"

"ಕೆಲಸ ಪೂರಾ ಬಾಯೇ ಮಾಡುವಾಗ ಕೈ ಬೆಳೆದು ಏನು ಮಾಡ್ಬೇಕು, ಅಂತಾರೆ."

"ನಮ್ ಕಮಿಟೀಲೂ ಹಂಗೇಯ," ಅಂದರು.

ನಕ್ಕೆ. ಆದರೆ ಮನೆಗೆ ಹೋಗುವಾಗ ತೋಟದ ದಾರಿಯಲ್ಲಿ ಅದೇ ಯೋಚನೆ. ಅಷ್ಟು ದೊಡ್ಡ ಪ್ರಾಣಿಯಲ್ಲಿ ಯಾವ ಅಂಗವೂ ತನ್ನಷ್ಟಕ್ಕೆ ತಾನಿಲ್ಲ. ತಲೆ ದೊಡ್ಡದಾಯಿತು ಅಂತ ಕೈ ಸಣ್ಣಗಿದೆ, ಬಾಲ ಹಿಂದಕ್ಕೆ ಚಾಚಿದೆ. ಇಷ್ಟು ವರ್ಷ ಪಾಠ ಹೇಳಿದವನು ನಾನು, ಕೈಯಾರೆ ಕಟ್ಟಿ ನಿಲ್ಲಿಸುವವರೆಗೆ ನನಗೇ ಅದು ಹೊಳೆದಿರಲಿಲ್ಲ. ರೂಮು ಕೇಳಿದ ಆ ಮನುಷ್ಯನ ಮೇಲೆ ಸಿಟ್ಟೂ ಉಳಿದಿರಲಿಲ್ಲ.

ಬೇಟೆ

ಪ್ರದರ್ಶನದ ದಿನ ಬಸ್ಸಿನ ಟಾಪಿನ ಮೇಲೆ ಡೈನೋಸಾರ್ ತಿಪಟೂರಿಗೆ ಹೋಯಿತು. ಅಧ್ಯಕ್ಷರೂ ಹಿಂದೆಯೇ ಬಂದರು. ತೀರ್ಪುಗಾರರಾಗಿ ಬಂದಿದ್ದ ಕಾಲೇಜಿನ ಮೇಡಂ ಕೇಳಿದರು, "ಇಷ್ಟು ದೊಡ್ಡದು, ಬೇಟೆ ಅಟ್ಟಿಸಿಕೊಂಡು ಹೋಗಿ ತಿರುಗುವಾಗ ಬೀಳ್ತಿರಲಿಲ್ವಾ?"

ವಿವರಿಸಲು ನಿಂತಿದ್ದ ನಮ್ಮ ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಮೇಷ್ಟ್ರು ಬಾಯಿ ಬಿಡುವ ಹಾಗಿಲ್ಲ, ಅದು ಅಲ್ಲಿನ ನಿಯಮ. ರೂಮು ಹೋಯಿತು ಅಂದುಕೊಂಡೆ.

ಅಧ್ಯಕ್ಷರು ಮೇಷ್ಟ್ರಲ್ಲವಲ್ಲ! ಪಂಚೆ ಎತ್ತಿ ಕಟ್ಟಿ, ಬೆನ್ನು ಬಗ್ಗಿಸಿ, ಕೈ ಎದೆಗೆ ಮಡಚಿಕೊಂಡು ಮೇಡಂ ಕಡೆಗೆ ದಡದಡ ಹೊರಟೇಬಿಟ್ಟರು. ಮೊದಲೇ ಹೊಟ್ಟೆ ಮುಂದಿರುವ ಆಸಾಮಿ. ಮೇಜಿನ ಹತ್ತಿರ ತಿರುಗಲು ಹೋಗಿ ದೊಪ್ಪನೆ ಬಿದ್ದರು. ಎಬ್ಬಿಸಲು ಹೋದರೆ ಏಳಲಿಲ್ಲ. ಬಿದ್ದಲ್ಲಿಂದಲೇ ಮೇಡಂ ಮುಖ ನೋಡಿ, "ಬಾಲ ಇಲ್ದಿದ್ರೆ ಹಿಂಗೇ ಆಗೋದು ಕಣಮ್ಮ. ಬರ್ಕಳಿ," ಅಂದರು.

ಮೇಡಂ ಕಣ್ಣೊರೆಸಿಕೊಂಡು ನಗುತ್ತಲೇ ಬರೆದುಕೊಂಡರು. ಮೊದಲ ಬಹುಮಾನ ನಮಗೇ ಬಂತು.

ವಾಪಸು ಬರುವಾಗ ಅಧ್ಯಕ್ಷರ ಕೈ ಹಿಡಿದುಕೊಂಡೆ. "ನನ್ನ ರೂಮು ನೀವೇ ಉಳಿಸಿದ್ರಿ. ಈಗ ನಿಮ್ಮ ಕಾಯಿಗೆ ಏನ್ಮಾಡ್ತೀರಿ?" ಅಂದೆ.

ಸೊಂಟ ಉಜ್ಜಿಕೊಳ್ಳುತ್ತಾ ಅವರು ಮೆಲ್ಲಗೆ, "ನಡುಮನೆಯಿಂದ ಕಾಯಿ ಆಚೆ ಹೋಗೋಗಂಟ ನಂಗೆ ಅನ್ನ ಇಕ್ಕಲ್ಲ ಅಂದವ್ಳೆ ನಮ್ಮನೆಯವ್ಳು. ಇವತ್ತು ರೂಮು ಗೆದ್ಕೊಂಡೇ ಬತ್ತೀನಿ ಅಂತ ಹೇಳ್ಬಂದಿದ್ದೆ," ಅಂದರು.

ಅವರ ಮನೆ ಬಾಗಿಲಿಗೆ ಬಂದೆವು. ಬಹುಮಾನದ ಕಪ್ಪು ನನ್ನ ಕೈಗೆ ಕೊಟ್ಟು, ನನ್ನ ಹಿಂದೆ ಸರಿದು ನಿಂತು ಪಿಸುಗುಟ್ಟಿದರು:

"ಇದನ್ನ ಮುಖದ ಮುಂದೆ ಅಡ್ಡ ಹಿಡ್ಕಂಡು ನೀವು ಮೊದ್ಲು ಒಳಕ್ಕೆ ನಡೀರಿ ಮೇಷ್ಟ್ರೇ."