ಅತ್ತೆಯ ಕಾಗದದ ಬಾಗಿಲು

ನಮ್ಮ ಅತ್ತೆಗೆ ಜಪಾನ್ ಎಲ್ಲಿದೆ ಎಂದು ಕೇಳಿ ನೋಡಿ. "ಸೊಲ್ಲಾಪುರ ದಾಟಿ ಹೋಗಬೇಕು" ಎನ್ನುತ್ತಾಳೆ. ಇಂಥವಳು ವಿಜಯಪುರದ ಜಲನಗರದಲ್ಲಿ, ಅದೂ ಬಾಡಿಗೆ ಮನೆಯ ಹಾಲಿನಲ್ಲಿ, ಜಪಾನಿನವರ ಸರಿಸುವ ಕಾಗದದ ಬಾಗಿಲು ಕಟ್ಟಿದ್ದಾಳೆ ಎಂದರೆ ನೀವು ನಂಬುವುದಿಲ್ಲ. ದಯವಿಟ್ಟು ನಂಬಬೇಡಿ! ನಂಬಿದರೆ ನೋಡಲು ಬರುತ್ತೀರಿ. ಬಂದವರಿಗೆಲ್ಲ ಚಹಾ ಮಾಡಿ ನನ್ನ ಹೆಂಡತಿಗೆ ಸಾಕಾಗಿದೆ, ಕಥೆ ಹೇಳಿ ಹೇಳಿ ನನಗೆ ಸಾಕಾಗಿದೆ. ಇದೊಂದು ಸಲ ಬರೆದು ಮುಗಿಸುತ್ತೇನೆ, ಆಮೇಲೆ ಯಾರೂ ನನ್ನನ್ನು ಕೇಳಬಾರದು.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮಪ್ಪನ ತಂಗಿ. ಲಗ್ನವಾಗಿ ನಿಡೋಣಿಯ ತುಂಬಿದ ಮನೆಗೆ ಹೋದಳು. ಅಲ್ಲಿ ಪಡಸಾಲೆಯಲ್ಲಿ ಮಲಗಿದಳು. ಗಂಡ ತೀರಿಕೊಂಡ ಮೇಲೆ ಬಿಜ್ಜರಗಿಯ ತವರಿಗೆ ಬಂದಳು. ಅಲ್ಲಿ ಅಡುಗೆಮನೆಯಲ್ಲಿ ಜೋಳದ ಚೀಲಗಳ ಪಕ್ಕ ಮಲಗಿದಳು. ಮೊಣಕಾಲು ಕೈಕೊಟ್ಟಾಗ, ದವಾಖಾನೆ ಹತ್ತಿರವಾಗಲಿ ಎಂದು ನಾನು ಕರೆತಂದೆ. ಈಗ ನಮ್ಮ ಹಾಲಿನ ದಿವಾನದ ಮೇಲೆ ಮಲಗುತ್ತಾಳೆ. ಇರುವ ಎರಡು ಖೋಲಿಗಳಲ್ಲಿ ಒಂದು ನಮ್ಮದು, ಇನ್ನೊಂದು ಕಾಲೇಜಿಗೆ ಹೋಗುವ ಮಗಳದು. ಒಂದು ಮನೆಯಲ್ಲಿ ಮನುಷ್ಯರು ಎಲ್ಲೆಲ್ಲಿ ಮಲಗಬಹುದೋ ಅಲ್ಲೆಲ್ಲ ಮಲಗಿದ್ದಾಳೆ, ಬಾಗಿಲಿರುವ ಖೋಲಿ ಒಂದನ್ನು ಬಿಟ್ಟು.

ಒಂದು ಸಂಜೆ ಆಫೀಸಿನಿಂದ ಬಂದು, ಇನ್ನೂ ಬೂಟು ಬಿಚ್ಚುತ್ತಿದ್ದೆ, ಅತ್ತೆ ದಿವಾನದ ಮೇಲಿನಿಂದ ಕೂಗಿದಳು.

"ಲೇ ತಮ್ಮಾ, ನನಗೊಂದು ಬಾಗಲಾ ಬೇಕು."

"ಯಾವ ಖೋಲಿಗಿ?"

"ಖೋಲಿ ಎಲ್ಲೈತಿ? ಬಾಗಲಾ ಅಷ್ಟ ಬೇಕು."

"ಬಾಗಲಾ ಹಚ್ಚಾಕ ಗ್ವಾಡಿ ಬೇಕಲ್ಲ ಬೇ!"

"ಜಪಾನದಾಗ ಬ್ಯಾಡಂತ."

ನನಗೆ ವಾದ ಮಾಡುವ ತ್ರಾಣ ಇರಲಿಲ್ಲ. ಆಫೀಸಿನಲ್ಲಿ ದಿನವಿಡೀ ಜನರ ಜೊತೆ ವಾದ ಮಾಡಿ ಬಂದವನಿಗೆ ಮನೆಯಲ್ಲಿ ಜಪಾನ್ ಎದುರಾದರೆ ಏನು ಮಾಡಬೇಕು? ಮಗಳ ಹಳೆಯ ಫೋನು ಅತ್ತೆಯ ಕೈಗೆ ಹೋಗಿತ್ತು. ಅದರಲ್ಲಿ ಒಬ್ಬ ಜಪಾನಿ ಮುದುಕ ತೆಳ್ಳನೆಯ ಕಟ್ಟಿಗೆಯ ಪಟ್ಟಿಗಳನ್ನು ಚೌಕಚೌಕವಾಗಿ ಜೋಡಿಸಿ, ಮೇಲೆ ಬಿಳಿ ಕಾಗದ ಅಂಟಿಸಿ, ಒಂದೇ ಬೆರಳಿನಿಂದ ಬಾಗಿಲನ್ನು ಆಚೆಗೆ ಸರಿಸುತ್ತಿದ್ದ. ಅತ್ತೆ ಅವನನ್ನು "ಅಜ್ಜಾರು" ಎಂದು ಕರೆಯುತ್ತಿದ್ದಳು. ಅವನು ಅವನ ಭಾಷೆಯಲ್ಲಿ ಏನೋ ಅಂದರೆ ಇವಳು "ಹೂಂನ್ರಿ" ಎನ್ನುವಳು.

"ಏನ್ ತಿಳೀತು ನಿನಗ?" ಎಂದೆ.

"ಅವರು ಮಾತು ಕಡಿಮಿ, ಕೆಲಸಾ ಬಾಳ. ನಿನ್ನಂಗಲ್ಲ" ಎಂದಳು.

ಇನ್ನು ನಮ್ಮ ಮನೆಯ ಮಾಲಕರ ವಿಷಯ ಹೇಳಬೇಕು. ಅವರು ಮೇಲಿನ ಮಹಡಿಯಲ್ಲೇ ಇದ್ದಾರೆ. ಅವರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅಡ್ಡಗೋಡೆ ಕಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಕೂಡ ಕಿಟಕಿಯ ಸರಳಿಗೆ ನೇತಾಡುತ್ತದೆ! ಇದನ್ನು ಹೇಳಿದರೆ ಅತ್ತೆ ಅಂಜುತ್ತಾಳೆ ಅಂದುಕೊಂಡೆ. ಮರುದಿನ ಆಫೀಸಿನಿಂದ ಬರುವಷ್ಟರಲ್ಲಿ ಹಾಲಿನಲ್ಲಿ ಬಡಿಗ ರಾಜೇಸಾಬ ಮಿಸ್ತ್ರಿ ಕೂತು ಚಹಾ ಕುಡಿಯುತ್ತಿದ್ದ.

"ಮೊಳಿ ಇಲ್ದ ನಿಂದ್ರಸ್ತೇನ್ರೀ ಸಾಹೇಬ್ರ" ಎಂದ. "ಈ ಗ್ವಾಡಿಯಿಂದ ಆ ಗ್ವಾಡಿಗಿ ಚೌಕಟ್ಟು ಕೂಡಸಿ, ಬೆಣಿ ಹೊಡದ್ರ ಮುಗೀತು. ನಿಮ್ಮ ಮಾಲಕರ ಗ್ವಾಡಿಗಿ ಗೊತ್ತಾಗಂಗಿಲ್ಲ."

ಕಟ್ಟಿಗೆಯೂ ತಯಾರಿತ್ತು. ಯಾವುದೋ ಯಂತ್ರ ಬಂದಿದ್ದ ಪೆಟ್ಟಿಗೆಯನ್ನು ಒಡೆದ ಹಗುರವಾದ ಪಟ್ಟಿಗಳು. ಒಂದರ ಮೇಲೆ ಕೊಡೆಯ ಚಿತ್ರ, ಇನ್ನೊಂದರ ಮೇಲೆ ಒಡೆಯುವ ಗಾಜಿನ ಲೋಟದ ಚಿತ್ರ. ನೋಡಲು ಬಂದ ಪಕ್ಕದ ಮನೆಯವರಿಗೆ ಅತ್ತೆ ಅವುಗಳ ಮೇಲೆ ಕೈಯಾಡಿಸುತ್ತ, "ಜಪಾನ ಅಕ್ಷರ" ಎಂದಳು.

ಮಿಸ್ತ್ರಿಯ ಕೆಲಸ ಮುಗಿಯುವ ತನಕ ನಾವು ಅನ್ನದಲ್ಲಿ ಕಟ್ಟಿಗೆಯ ಪುಡಿ ಉಂಡೆವು. ಅದು ಹೋಗಲಿ. ಕಾಗದ ಅಂಟಿಸುವ ದಿನ ಬಂತು ನೋಡಿ! ಅಜ್ಜಾರು ಅನ್ನದ ಗಂಜಿಯಿಂದ ಅಂಟಿಸುತ್ತಾರಂತೆ. ಆದರೆ ಅತ್ತೆಗೆ ಅಲ್ಲಿ ಒಂದು ತಪ್ಪು ಕಂಡಿತು. ನಮ್ಮ ಕಡೆ ಹಿಂದಿನ ಕಾಲದ ಹೆಂಗಸರು ರದ್ದಿ ಕಾಗದ ನೆನೆಹಾಕಿ, ಮೆಂತ್ಯ ರುಬ್ಬಿ ಕಲಸಿ, ಕಾಳು ತುಂಬಲು ಬುಟ್ಟಿ ಮಾಡುತ್ತಿದ್ದರು. ಮೆಂತ್ಯದ ಕಹಿಗೆ ಹುಳ ಹತ್ತುವುದಿಲ್ಲ.

"ಪಾಪ, ಅಜ್ಜಾರಿಗೆ ಮೆಂತ್ಯದ್ದು ಗೊತ್ತಿಲ್ಲ" ಎಂದು ಅತ್ತೆ ಕನಿಕರದಿಂದ ಅಂದಳು. ಪಾತೇಲಿ ತುಂಬ ಮೆಂತ್ಯ ನೆನೆಯಿತು. ಮಿಕ್ಸಿ ಗರ್ರೆಂದಿತು. ಮನೆಯೆಲ್ಲ ಮೆಂತ್ಯ, ಪರದೆಯಲ್ಲಿ ಮೆಂತ್ಯ, ನನ್ನ ಆಫೀಸಿನ ಅಂಗಿಯಲ್ಲಿ ಮೆಂತ್ಯ! ಬಸ್ಸಿನಲ್ಲಿ ಪಕ್ಕದ ಸೀಟಿನವನು ನನ್ನನ್ನು ಮೂಸಿ ನೋಡಿ ಎದ್ದು ಹೋದ.

ಎರಡು ದಿನಕ್ಕೆ ಮೇಲಿನಿಂದ ಮಾಲಕರ ಹೆಂಡತಿ ಇಳಿದು ಬಂದರು. ಕೈಯಲ್ಲಿ ಡಬ್ಬಿ, ಅದರಲ್ಲಿ ಅಂಟಿನುಂಡೆ. ನಮ್ಮ ಕಡೆ ಅದನ್ನು ಯಾರಿಗೆ ಕೊಡುತ್ತಾರೆ ಎಂದು ಗೊತ್ತಲ್ಲ? ಬಾಣಂತಿಗೆ! ಇಷ್ಟು ಮೆಂತ್ಯ ನಾರುವುದೂ ಬಾಣಂತಿಯ ಮನೆಯಲ್ಲೇ. ಅವರು ಐವತ್ತರ ಹತ್ತಿರದ ನನ್ನ ಹೆಂಡತಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ಯಾವಾಗ ಹಡದ್ರಿ? ನಮಗ ಗೊತ್ತಽ ಆಗಲಿಲ್ಲ ನೋಡ್ರಿ" ಎಂದರು.

ಆ ದಿನ ಸಂಜೆ ಹೆಂಡತಿ ನನ್ನ ಮೇಲೆ ಹರಿಹಾಯ್ದಳು. ಹಡೆದವಳು ಅವಳಲ್ಲ, ಮೆಂತ್ಯ ರುಬ್ಬಿದವನು ನಾನಲ್ಲ. ಆದರೂ ಬೈಸಿಕೊಂಡವನು ನಾನೇ. ಅಂಟಿನುಂಡೆ ಮಾತ್ರ ಅತ್ತೆ ತಿಂದಳು.

"ನೋಡ್ರಿ, ಅತ್ತ್ಯಾರ ಜಪಾನ ಈ ಮನ್ಯಾಗ ಇನ್ನ ಬ್ಯಾಡ" ಎಂದು ಹೆಂಡತಿ ತೀರ್ಪು ಕೊಟ್ಟಳು. ಹೀಗಾಗಿ ಬಾಗಿಲುಗಳು ಮಿಸ್ತ್ರಿಯ ಪರಿಚಯದವರ ಟೆಂಪೋ ಹತ್ತಿ ಬಿಜ್ಜರಗಿಗೆ ಹೋದವು. ಅತ್ತೆಯೂ ಮೆಂತ್ಯದ ಪಾತೇಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಅಲ್ಲಿ ನಮ್ಮ ದೊಡ್ಡಪ್ಪನ ಮಗನ ಅಂಗಳ ದೊಡ್ಡದು. ಕಾಗದ ಅಂಟಿಸಿ, ಇಸ್ತ್ರಿಯವರ ಹಾಗೆ ಬಾಯಿಂದ ನೀರು ಚಿಮುಕಿಸಿ, ಒಣಗಲು ಗೋಡೆಗೆ ಆನಿಸಿ, ಅತ್ತೆ ಉಣ್ಣಲು ಒಳಗೆ ಹೋದಳು. ಬಂದು ನೋಡಿದರೆ ಬರೀ ಚೌಕಟ್ಟು! ಮೆಂತ್ಯ ಸವರಿದ ಕಾಗದ ಎಂದರೆ ಆಡುಗಳಿಗೆ ಹಬ್ಬದೂಟ. ಒಂದು ಚೂರೂ ಬಿಟ್ಟಿರಲಿಲ್ಲ. ನಮ್ಮಣ್ಣ ನನಗೆ ಫೋನು ಮಾಡಿ ನಕ್ಕು ನಕ್ಕು ಸುಸ್ತಾದ.

"ಆಡಿಗೆ ಬಾಳ ಸೇರೇತಿ. ಅತ್ತೀಗಿ ಹೇಳು, ಇನ್ನೊಂದ್ ನಾಕ್ ಬಾಗಲಾ ಮಾಡಸಂತ!"

ಸೋತು ಬರುತ್ತಾಳೆ, ಇನ್ನು ನನಗೆ ವಿಶ್ರಾಂತಿ ಎಂದುಕೊಂಡೆ. ಎಲ್ಲಿಯ ವಿಶ್ರಾಂತಿ! ಮತ್ತೆ ಅಂಟಿಸಿದಳು. ಈ ಸಲ ಅಜ್ಜಾರ ಮಾತು ಕೇಳಿ ಬರೀ ಗಂಜಿ. ಮೆಂತ್ಯ ಇಲ್ಲ ಎಂದ ಮೇಲೆ ನನ್ನ ಹೆಂಡತಿಯೂ ಒಪ್ಪಿದಳು. ಕೋಲು ಹಿಡಿದು ಕಾವಲು ಕೂತಳು. ಒಂದೊಂದೇ ಬಾಗಿಲನ್ನು ನನ್ನ ಬೈಕಿನ ಮೇಲೆ ತರಬೇಕಾಯಿತು, ಯಾಕೆಂದರೆ ಟೆಂಪೋದವನು ಕಾಗದಕ್ಕೆ ಜವಾಬ್ದಾರಿ ಹೊರಲು ಒಪ್ಪಲಿಲ್ಲ. ನಾನು ಮುಂದೆ, ಹಿಂದೆ ಬಾಗಿಲು ಹಿಡಿದ ಅತ್ತೆ. ಟಿಕೋಟಾದ ಬಯಲಿನಲ್ಲಿ ಗಾಳಿ ಹೇಗಿರುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಳಿ ಕಾಗದಕ್ಕೆ ಬಡಿದಾಗಲೆಲ್ಲ ಬೈಕು ವಿಜಯಪುರ ಬಿಟ್ಟು ದ್ರಾಕ್ಷಿ ತೋಟದ ಕಡೆ ಹೊರಳುತ್ತಿತ್ತು. ಟಿಕೋಟಾದ ಚಹಾ ಅಂಗಡಿ ಮುಂದೆ ಒಬ್ಬ ಹಿರಿಯರು ಎದ್ದು ನಿಂತು, "ಯಪ್ಪಾ, ಗಾಳಿಪಟಾ ಆತು, ದಾರಾ ಎಲ್ಲೈತಿ?" ಎಂದು ಕೇಳಿದರು.

ಅಂತೂ ಬಾಗಿಲು ನಿಂತಿತು. ಹಾಲಿನ ಕೊನೆಯಲ್ಲಿ, ಕಿಟಕಿಯ ಕಡೆ, ದಿವಾನವನ್ನು ಒಳಗೆ ಹಾಕಿಕೊಂಡು ಎರಡು ಬಿಳಿ ಬಾಗಿಲುಗಳು. ಸುಳ್ಳು ಯಾಕೆ ಹೇಳಲಿ, ಚಂದ ಕಂಡಿತು. ಕಿಟಕಿಯಿಂದ ಬರುವ ಬೆಂಕಿಯಂಥ ಬಿಸಿಲು ಕಾಗದ ದಾಟುವಷ್ಟರಲ್ಲಿ ಬೆಳದಿಂಗಳ ಹಾಗೆ ತಣ್ಣಗಾಗುತ್ತಿತ್ತು.

ಆದರೆ ನಮ್ಮ ಜನಕ್ಕೆ ಬಾಗಿಲು ಎಂದರೆ ನೂಕುವುದು! ಸರಿಸುವುದು ಯಾರಿಗೆ ಗೊತ್ತು? ಮೊದಲ ದಿನ ಮಗಳ ಮೊಣಕೈ ಕಾಗದದೊಳಗೆ ಹೋಯಿತು. ಮರುದಿನ ಮಿಸ್ತ್ರಿಯೇ ತನ್ನ ಕೆಲಸ ನೋಡಿ ಖುಷಿಯಾಗಿ ಒಂದು ಬಡಿದ. ಕೈ ಮುಂಗೈ ತನಕ ಒಳಗೆ ಹೋಯಿತು. ತೂತು ಬಿದ್ದಲ್ಲಿ ಅಜ್ಜಾರು ಹೂವಿನ ಆಕಾರದ ಕಾಗದ ಅಂಟಿಸುತ್ತಾರಂತೆ. ಅತ್ತೆ ತನಗೆ ಬಂದದ್ದನ್ನು ಕತ್ತರಿಸಿದಳು: ಬದನೆಕಾಯಿ, ಮೆಣಸಿನಕಾಯಿ, ಸವತೆಕಾಯಿ. ಸ್ವಲ್ಪ ದಿನಕ್ಕೆ ನಮ್ಮ ಜಪಾನಿನಲ್ಲಿ ಕಾಯಿಪಲ್ಲೆಯ ಸಂತೆ ನೆರೆಯಿತು.

ಇದೆಲ್ಲ ಮಾಲಕರ ಕಿವಿಗೆ ಹೋಗದೆ ಇರುತ್ತದೆಯೇ? ಒಂದು ಶನಿವಾರ ಮೆಟ್ಟಿಲ ಮೇಲೆಯೇ ನನ್ನನ್ನು ತಡೆದರು.

"ಹಾಲ್‌ನ್ಯಾಗ ಅಡ್ಡಗ್ವಾಡಿ ಕಟ್ಟೀರಂತಲ್ರಿ? ನಾಳಿ ಬಂದು ನೋಡ್ತೇನಿ. ಖರೇ ಇದ್ರ ತೆಗೀಬೇಕಾಗ್ತೈತಿ ಮತ್ತ."

ನಾನು ಒಳಗೆ ಬಂದು ಹೇಳಿದೆ. ಅತ್ತೆ ಗಂಜಿ ಹಚ್ಚುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ತೆಗದ್ರ ನಾ ಬಿಜ್ಜರಗಿಗಿ ಹೋಗ್ತೇನಿ."

"ಮೊಣಕಾಲಿನ ಔಷಧಾ ಯಾರು ನೋಡ್ತಾರ ಅಲ್ಲಿ? ಒಂದು ಬಾಗಲಕ್ಕ ಇಷ್ಟ್ಯಾಕ ಹಟಾ ಬೇ?"

ಅತ್ತೆ ಗಂಜಿಯ ಬಟ್ಟಲು ಬದಿಗೆ ಸರಿಸಿದಳು. ಆ ದಿನ ರೊಟ್ಟಿಯನ್ನೂ ಅರ್ಧಕ್ಕೆ ಬಿಟ್ಟಳು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬಾಗಿಲು ಹೋದರೆ ಹಾಲು ಮತ್ತೆ ದೊಡ್ಡದಾಗುತ್ತದೆ, ಮನೆ ಶಾಂತವಾಗುತ್ತದೆ. ಆದರೂ ಇಬ್ಬರಿಗೂ ಸಮಾಧಾನವಿರಲಿಲ್ಲ.

ಭಾನುವಾರ ಮಾಲಕರು ಬಂದರು. ಅವರದೊಂದು ಪದ್ಧತಿಯಿದೆ: ಮೊದಲು ಒಳಗೆ ಬರುವುದು, ಆಮೇಲೆ "ಬರ್ಲ್ಯಾ?" ಎಂದು ಕೇಳುವುದು. ಹಾಗೇ ಬಂದರು, ನೇರ ಬಾಗಿಲ ಮುಂದೆ ಹೋದರು, ನೂಕಲು ಕೈ ಎತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ. ಬದನೆಕಾಯಿ ಹೋಗುತ್ತದೋ, ಮೆಣಸಿನಕಾಯಿಯೋ!

ಒಳಗಿನಿಂದ ಅತ್ತೆಯ ದನಿ ಬಂತು.

"ಯಾರ್ರಿ ಅದು? ತಡೀರಿ! ಸೀರಿ ಉಡಾಕತ್ತೇನಿ."

ಮಾಲಕರು ಕೆಂಡ ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ಬಾಗಿಲಿಗೆ ಬೆನ್ನು ಮಾಡಿ ನಿಂತು, ತಲೆಬಾಗಿಲ ಪಕ್ಕದ ಕಿಟಕಿಗೆ ನೇತಾಡುತ್ತಿದ್ದ ಕ್ಯಾಲೆಂಡರ್ ಓದತೊಡಗಿದರು. ಹೆಂಡತಿ ಚಹಾ ಕೊಟ್ಟಳು. ನಿಂತೇ ಕುಡಿದರು. ಕಪ್ಪು ಖಾಲಿಯಾಯಿತು.

"ಆತೇನ್ರೀ ಅವ್ವಾರ?"

"ಇನ್ನೂ ಇಲ್ರೀ."

ಅವರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಮೊಳಿ ಏನೂ ಹೊಡದಿಲ್ಲಲ್ಲ?"

"ಒಂದೂ ಇಲ್ರಿ. ಬೆಣಿ ಮ್ಯಾಲ ನಿಂತೈತಿ."

"ಹಂಗಾರ ಇರ್ಲಿ ಬಿಡ್ರಿ. ಹೆಣ್ಣಮಕ್ಕಳ ಖೋಲಿ, ನಾ ಏನ್ ನೋಡೂದೈತಿ ಅಲ್ಲಿ" ಎಂದು ಚಪ್ಪಲಿ ಮೆಟ್ಟಿ ಹೋಗೇಬಿಟ್ಟರು.

ನಾನು ಓಡಿ ಹೋಗಿ, ನೂಕದೆ, ನೆನಪಿನಿಂದ ಬಾಗಿಲು ಸರಿಸಿದೆ. ಅತ್ತೆ ದಿವಾನದ ಮೇಲೆ ಕೂತಿದ್ದಳು. ಇಳಕಲ್ ಸೀರೆ, ನಿರಿಗೆ ಸರಿಯಾಗಿ, ಸೆರಗು ತಲೆಯ ಮೇಲೆ, ಕೈ ಎರಡೂ ತೊಡೆಯ ಮೇಲೆ.

"ಉಟಗೊಂಡಽ ಕುಂತಿಯಲ್ಲ ಬೇ! ಅಷ್ಟು ದೊಡ್ಡ ಮನಿಶಾಗ ಸುಳ್ಳು ಹೇಳಿದ್ಯಾ?"

"ಮುಂಜಾನೆನಽ ಉಟ್ಟೇನಿ" ಎಂದಳು. ನಕ್ಕಳು. ಆಮೇಲೆ ನಗು ನಿಂತಿತು.

"ನಿಡೋಣ್ಯಾಗ ಮಂದಿ ಏಳೂದ್ರಾಗ ಕತ್ತಲದಾಗ ಸೀರಿ ಸುತಗೊಂಡು ಹೊರಗ ಬರಬೇಕಿತ್ತೋ ತಮ್ಮಾ. ನಡುವ ಯಾರರೆ ಬಂದ್ರ, ನಿರಿಗಿ ಕೈಯಾಗ ಹಿಡಕೊಂಡು ಮೂಲ್ಯಾಗ ಗ್ವಾಡಿ ಕಡೆ ಮುಖಾ ಮಾಡಿ ನಿಂದರ್ತಿದ್ದೆ. ಬಿಜ್ಜರಗ್ಯಾಗೂ ಅಷ್ಟ. ಇಷ್ಟು ವಯಸ್ಸಾತು, ಒಬ್ಬರಿಗೂ 'ತಡೀರಿ' ಅಂದಾಕಿ ಅಲ್ಲ ನಾ. ಅನ್ನಾಕ ಬಾಗಲಾ ಎಲ್ಲಿತ್ತು? ಇವತ್ತ ಅಂದೆ. ಅಂವ ನಿಂತಾ ನೋಡೋ! ಅಷ್ಟು ದೊಡ್ಡ ಮನಿಶಾ, ನಿಂತಾ!"

ಅವಳ ಕಣ್ಣು ತುಂಬಿದ್ದವು. ಹೆಂಡತಿ ಖಾಲಿ ಕಪ್ಪು ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಸುರ್ರೆಂದು ಮೂಗು ಎಳೆದುಕೊಂಡದ್ದು ಹಾಲಿನ ತನಕ ಕೇಳಿಸಿತು.

ಮರುದಿನ ಸಂಜೆ ಆಫೀಸಿನಿಂದ ಬಂದಾಗ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಕೂಲರಿನ ಬಟನ್ ಅತ್ತೆಯ ಬಾಗಿಲ ಒಳಗಡೆಯೇ ಇದೆ. ಬಾಗಿಲ ಮುಂದೆ ನಿಂತು ಕೇಳಿದೆ.

"ಅತ್ತೀ, ಒಳಗ ಬರ್ಲೇನು?"

"ತಡಿ" ಎಂದಳು.

ಒಳಗೆ ದೀಪ ಉರಿಯುತ್ತಿತ್ತು. ಕಾಗದದ ಮೇಲೆ ಅವಳ ನೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಏನೂ ಮಾಡುತ್ತಿರಲಿಲ್ಲ. ಕಾಲು ಚಾಚಿಕೊಂಡು, ಕಿಟಕಿಯ ಕಡೆ ಮುಖ ಮಾಡಿ, ಸುಮ್ಮನೆ ಕೂತಿದ್ದಳು. ನನ್ನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಅವಳಾಗಿಯೇ ಕರೆಯುವ ತನಕ ನಾನು ಅಲ್ಲೇ ನಿಂತಿದ್ದೆ.